ಇನ್ನೂ ಹುಟ್ಟದ ವಸ್ತುವಿನ ಬೆಲೆ

ನಿವೃತ್ತನಾಗಿ ಶಿವಮೊಗ್ಗೆಯ ವಿನೋಬನಗರದಲ್ಲಿ ಬಂದು ನೆಲೆಸಿದ ಹೊಸತರಲ್ಲಿ ನೆರೆಮನೆಯ ಹಿರಿಯರೊಬ್ಬರು, ನನ್ನ ಉದ್ಯೋಗ ಏನಿತ್ತೆಂದು ವಿಚಾರಿಸಿದರು. "ಎಸ್ಟಿಮೇಟರ್ ಆಗಿದ್ದೆ" ಎಂದೆ. ಮಾರನೆಯ ದಿನ ಬೆಳಿಗ್ಗೆಯೇ ಅವರು ಟೇಪು ಹಿಡಿದುಕೊಂಡು ಬಂದರು. "ರಾಯರೆ, ನಮ್ಮ ಮನೆಯ ಕಾಂಪೌಂಡು ಗೋಡೆಗೆ ಎಷ್ಟಾಗಬಹುದು, ಸ್ವಲ್ಪ ನೋಡಿ ಹೇಳಿ" ಎಂದರು. ತಪ್ಪು ಅವರದಲ್ಲ. ನಮ್ಮ ಊರುಗಳಲ್ಲಿ ಎಸ್ಟಿಮೇಟು ಎಂದರೆ ರಸ್ತೆಯದು, ಸೇತುವೆಯದು, ಗೋಡೆಯದು. ವಿಮಾನದ ಭಾಗಗಳಿಗೂ ಎಸ್ಟಿಮೇಟು ಬರೆಯುವ ಮನುಷ್ಯನೊಬ್ಬ ಇರುತ್ತಾನೆಂಬುದು ಯಾರಿಗಾದರೂ ಹೊಳೆಯುವುದು ಹೇಗೆ?

2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ನಮ್ಮ ಊರಿನ ಮಕ್ಕಳಿಗೆ ವಿಮಾನವೆಂಬುದು ಚಿತ್ರದ ಪುಸ್ತಕದಿಂದ ಹೊರಗೆ ಬಂದಿದೆ. ಗೋಡೆಯ ಅಳತೆ ನಡೆಯುತ್ತಿದ್ದ ಆ ದಿನವೂ ಆಕಾಶದಲ್ಲಿ ಸದ್ದಾಯಿತು. ಹಿರಿಯರ ಮೊಮ್ಮಗ ತಲೆಯೆತ್ತಿ ನೋಡಿ, "ತಾತ, ಅದಕ್ಕೆ ಎಷ್ಟು ದುಡ್ಡಾಗುತ್ತೆ?" ಎಂದು ನನ್ನನ್ನು ಕೇಳಿದ. ಮೂವತ್ತು ವರ್ಷ ನಾನು ದುಡಿದದ್ದು ಇದೇ ಪ್ರಶ್ನೆಯ ಸಣ್ಣ ಸಣ್ಣ ಚೂರುಗಳಿಗೆ ಉತ್ತರ ಹುಡುಕುವುದರಲ್ಲಿ. ಆ ಕೆಲಸ ಎಂಥದು, ಅದರಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಈ ವಿದ್ಯೆ ಮಲೆನಾಡಿಗೆ ತೀರ ಹೊಸದೇನೂ ಅಲ್ಲ. ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವವನನ್ನು ನೋಡಿದವರಿಗೆ ನನ್ನ ಕೆಲಸ ಅರ್ಧ ತಿಳಿದಂತೆಯೇ. ಕೊಯ್ಲಿಗೆ ಬಹಳ ಮುಂಚೆಯೇ ಅವನು ಸಾಲುಗಳ ನಡುವೆ ತಲೆಯೆತ್ತಿಕೊಂಡು ನಡೆಯುತ್ತಾನೆ. ಗೊನೆಗಳನ್ನು ಕಣ್ಣಿನಲ್ಲೇ ಎಣಿಸುತ್ತಾನೆ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಉಳಿಯುವುದು ಸುಮಾರು ಹನ್ನೆರಡು ಹದಿಮೂರು ಕಿಲೋ ಎಂಬುದು ಅವನಿಗೆ ಗೊತ್ತು. ಸುಲಿಯುವ ಆಳಿನ ಕೂಲಿ, ಬೇಯಿಸುವ ಸೌದೆ, ಮಳೆ ಹೆಚ್ಚಾದರೆ ಬರುವ ಕೊಳೆರೋಗ, ಮಂಡಿಯಲ್ಲಿ ಇಳಿಯಬಹುದಾದ ಧಾರಣೆ, ಇವೆಲ್ಲವನ್ನೂ ಮನಸ್ಸಿನಲ್ಲಿ ಕೂಡಿ ಕಳೆದು ಒಂದು ಮಾತು ಹೇಳುತ್ತಾನೆ. ಹೇಳಿದ ಮೇಲೆ ಆ ಮಾತಿಗೆ ಕಟ್ಟುಬಿದ್ದ ಹಾಗೆಯೇ. ನನ್ನದೂ ಅದೇ ಕಸುಬು. ಅವನ ತೋಟ ಕಣ್ಣೆದುರಿಗೆ ಇರುತ್ತದೆ, ನನ್ನ ತೋಟ ಕಾಗದದ ಮೇಲೆ ಇರುತ್ತದೆ. ವ್ಯತ್ಯಾಸ ಅಷ್ಟೆ.

ಆ ಕಾಗದವೇ ನಕ್ಷೆ. ಕಾರ್ಖಾನೆಯ ಮಾತಿನಲ್ಲಿ ಡ್ರಾಯಿಂಗು. ವಿಮಾನ ಕಟ್ಟುವ ದೊಡ್ಡ ಸಂಸ್ಥೆಗಳು ಎಲ್ಲ ಭಾಗಗಳನ್ನೂ ತಾವೇ ಮಾಡಿಕೊಳ್ಳುವುದಿಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರಷ್ಟೆ, ಇಂದಿನ ಎಚ್.ಎ.ಎಲ್.ನ ಮೂಲ ಅದೇ. ಕಾಲಕ್ರಮದಲ್ಲಿ ಅದರ ಸುತ್ತ ನೂರಾರು ಸಣ್ಣ ಕಾರ್ಖಾನೆಗಳು ಬೆಳೆದವು. ಬ್ರಾಕೆಟ್ಟು, ಕೀಲು, ಕೊಳವೆ, ಪಟ್ಟಿ, ಹೀಗೆ ಒಂದೊಂದು ಭಾಗದ ನಕ್ಷೆ ಇಂಥ ಕಾರ್ಖಾನೆಗಳಿಗೆ ಬರುತ್ತದೆ. "ಇದನ್ನು ಎಷ್ಟಕ್ಕೆ ಮಾಡಿಕೊಡುವಿರಿ? ಹದಿನೈದು ದಿನದಲ್ಲಿ ತಿಳಿಸಿ" ಎಂಬ ಒಕ್ಕಣೆ ಜೊತೆಗಿರುತ್ತದೆ. ಆಗ ನಕ್ಷೆ ಅಂದಾಜುಗಾರನ ಮೇಜಿಗೆ ಬರುತ್ತದೆ.

ಒಂದು ಉದಾಹರಣೆಯನ್ನು ನಾವು ಜೊತೆಯಾಗಿಯೇ ಲೆಕ್ಕ ಹಾಕೋಣ. ಅಂಕಿಗಳನ್ನು ಕೂಡುವುದಕ್ಕೆ ಸುಲಭವಾಗಲೆಂದು ದುಂಡಾಗಿಸಿದ್ದೇನೆ. ಲೆಕ್ಕದ ರೀತಿ ಮಾತ್ರ ನಿಜವಾದದ್ದು.

ಅಲ್ಯೂಮಿನಿಯಂ ಮಿಶ್ರಲೋಹದ ಒಂದು ಬ್ರಾಕೆಟ್ಟು. ಗೇಣಿಗಿಂತ ಸ್ವಲ್ಪ ಉದ್ದ. ತೆಳುವಾದ ಗೋಡೆಗಳು, ನಡುವೆ ಗುಳಿಗಳು, ಅಂಚಿನಲ್ಲಿ ತೂತುಗಳು. ಸಿದ್ಧವಾದ ವಸ್ತುವಿನ ತೂಕ 600 ಗ್ರಾಂ. ಆದರೆ ಅದನ್ನು ತುಂಡುಗಳನ್ನು ಜೋಡಿಸಿ ಮಾಡುವಂತಿಲ್ಲ. ಜೋಡಣೆಯಿದ್ದಲ್ಲಿ ದೌರ್ಬಲ್ಯವೂ ಇರುತ್ತದೆ. ಶಿಲ್ಪಿ ಕಲ್ಲಿನೊಳಗಿನಿಂದ ವಿಗ್ರಹವನ್ನು ಬಿಡಿಸುವ ಹಾಗೆ ಒಂದೇ ದಿಮ್ಮಿಯಿಂದ ಕೊರೆದು ತೆಗೆಯಬೇಕು. ಮೂವತ್ತು ಸೆಂಟಿಮೀಟರ್ ಉದ್ದ, ಹದಿನೆಂಟು ಅಗಲ, ನಾಲ್ಕು ದಪ್ಪದ ದಿಮ್ಮಿ ಬೇಕು; ಅದರ ತೂಕ ಸುಮಾರು ಆರು ಕಿಲೋ. ಅಂದರೆ ಹತ್ತು ಪಾಲು ಲೋಹ ಕೊಂಡರೆ ಹಾರುವುದು ಒಂದೇ ಪಾಲು; ಮಿಕ್ಕ ಒಂಬತ್ತು ಪಾಲು ಸುರುಳಿ ಚೂರುಗಳಾಗಿ ಯಂತ್ರದ ಬುಡದಲ್ಲಿ ಬೀಳುತ್ತದೆ. ಹಸಿ ಅಡಿಕೆಯ ಲೆಕ್ಕ ನೆನಪಾಯಿತೆ? ಕಿಲೋಗೆ 700 ರೂಪಾಯಿಯಂತೆ ದಿಮ್ಮಿಗೆ 4,200. ಚೂರನ್ನು ಗುಜರಿಗೆ ಹಾಕಿದರೆ 540 ಹಿಂದಕ್ಕೆ ಬರಬಹುದು. ಲೋಹದ ಬಾಬ್ತು ಉಳಿದದ್ದು 3,660.

ಇನ್ನು ಕಾಲ. ಕೊರೆಯುವ ಯಂತ್ರದ ಬೆಲೆ, ವಿದ್ಯುತ್ತು, ಕೆಲಸಗಾರನ ಸಂಬಳ, ಕಟ್ಟಡದ ಬಾಡಿಗೆ ಎಲ್ಲವನ್ನೂ ಹಂಚಿ ಗಂಟೆಗೆ 1,500 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಕ್ಷೆಯನ್ನು ನೋಡಿದರೆ ಮೂರು ಗಂಟೆಯ ಕೆಲಸವೆಂದು ತೋರುತ್ತದೆ. ಹಾಗಾದರೆ 4,500. ಕೆಲಸಕ್ಕೆ ಮುಂಚೆ ಯಂತ್ರವನ್ನು ಅಣಿಗೊಳಿಸಲು ಆರು ಗಂಟೆ ಬೇಕು, ಅದಕ್ಕೆ 9,000. ಒಂದು ಸಲಕ್ಕೆ ಹತ್ತು ಬ್ರಾಕೆಟ್ಟು ಮಾಡಿದರೆ ಒಂದೊಂದರ ತಲೆಗೆ 900 ಬೀಳುತ್ತದೆ. ಒಂದನ್ನೇ ಮಾಡಿದರೆ 9,000 ಪೂರ್ತಿ ಅದರ ಮೇಲೆಯೇ.

ಬ್ರಾಕೆಟ್ಟನ್ನು ಯಂತ್ರದಲ್ಲಿ ಅಲುಗಾಡದಂತೆ ಹಿಡಿಯಲು ಒಂದು ವಿಶೇಷ ಹಿಡಿಕೆ ಬೇಕು. ಇದನ್ನು ಫಿಕ್ಸ್‌ಚರ್ ಎನ್ನುತ್ತಾರೆ. ಯಂತ್ರಕ್ಕೆ ಅಪ್ಪಣೆ ಕೊಡುವ ಪ್ರೋಗ್ರಾಮು ಬರೆಯಬೇಕು. ಮೊದಲು ಮಾಡಿದ ಬ್ರಾಕೆಟ್ಟಿನ ಪ್ರತಿಯೊಂದು ಅಳತೆಯನ್ನೂ ನಕ್ಷೆಯೊಂದಿಗೆ ತಾಳೆನೋಡಿ ದಾಖಲೆ ಮಾಡಿ ಗಿರಾಕಿಯ ಒಪ್ಪಿಗೆ ಪಡೆಯಬೇಕು. ಇಷ್ಟಕ್ಕೂ ಸೇರಿ ಎರಡು ಲಕ್ಷ. ಗಿರಾಕಿ ಇನ್ನೂರು ಬ್ರಾಕೆಟ್ಟು ಕೊಳ್ಳುವೆನೆಂದರೆ ಒಂದಕ್ಕೆ 1,000. ನಲವತ್ತು ಕೊಂಡು ನಿಲ್ಲಿಸಿಬಿಟ್ಟರೆ ಒಂದಕ್ಕೆ 5,000. ವಸ್ತು ಅದೇ, ಲೋಹ ಅದೇ, ಕೈ ಅದೇ. ಬೆಲೆ ಮಾತ್ರ ಬೇರೆ. ಬೆಲೆಯೆಂಬುದು ವಸ್ತುವಿನೊಳಗೆ ಕುಳಿತಿರುವ ಗುಣವಲ್ಲ, ಇಬ್ಬರ ನಡುವಿನ ಭರವಸೆಯಿಂದ ಹುಟ್ಟುವ ಸಂಖ್ಯೆ ಎಂಬುದನ್ನು ನಾನು ಕಲಿತದ್ದು ಈ ಬಾಬ್ತಿನಿಂದ.

ಆಮೇಲೆ ಬಿರುಕಿನ ಪರೀಕ್ಷೆ, ತುಕ್ಕು ಹಿಡಿಯದಂತೆ ಮಾಡುವ ಮೇಲ್ಮೈ ಸಂಸ್ಕಾರ, ಅಳತೆಯ ತಪಾಸಣೆ, ಕಾಗದಪತ್ರ, ಸಾಗಾಣಿಕೆ, ಎಲ್ಲ ಸೇರಿ 1,400. ಕೊರೆತ ಒಂದು ಊರಿನಲ್ಲಿ, ಮೇಲ್ಮೈ ಸಂಸ್ಕಾರ ಇನ್ನೊಂದು ಊರಿನಲ್ಲಿ ಆದರೆ ಒಂದು ಅಂಗೈಯಗಲದ ತುಂಡು ನೂರಾರು ಮೈಲಿ ಅಲೆಯುತ್ತದೆ. ಬೆಳಗಾವಿಯ ಹತ್ತಿರ ಹತ್ತರಗಿಯಲ್ಲಿರುವ ವಿಮಾನಭಾಗಗಳ ಕೈಗಾರಿಕಾ ವಲಯದಲ್ಲಿ ಲೋಹವನ್ನು ಬಡಿದು ರೂಪಿಸುವುದು, ಕೊರೆಯುವುದು, ಮೇಲ್ಮೈ ಸಂಸ್ಕಾರ ಎಲ್ಲವನ್ನೂ ಒಂದೇ ಆವರಣದೊಳಗೆ ತಂದಿರುವುದು ಈ ಅಲೆದಾಟದ ಖರ್ಚನ್ನು ಕಳೆಯುವುದಕ್ಕಾಗಿಯೇ.

ಒಟ್ಟು 11,460. ಇಪ್ಪತ್ತರಲ್ಲಿ ಒಂದು ಕೆಡಬಹುದು. ಅದನ್ನೂ ಸೇರಿಸಿದರೆ ಸುಮಾರು 12,000. ನೂರಕ್ಕೆ ಹತ್ತರಂತೆ ಲಾಭವಿಟ್ಟು 13,200 ರೂಪಾಯಿ ಎಂದು ಬರೆದು ಸಹಿ ಹಾಕುತ್ತೇವೆ. ಎಲ್ಲವೂ ಸರಿಯಾಗಿಯೇ ಕಾಣುತ್ತದೆಯಲ್ಲವೆ? ಈ ಲೆಕ್ಕಕ್ಕೆ ಮತ್ತೆ ಬರುತ್ತೇನೆ.

ಅದಕ್ಕೆ ಮುಂಚೆ ಕಾಗದಪತ್ರವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ ಬಾಬ್ತಿನ ವಿಷಯ. ಹೊರಗಿನವರಿಗೆ ಇದು ದಂಡದ ಖರ್ಚಿನಂತೆ ಕಾಣುತ್ತದೆ. ನನಗೆ ಅದರ ಅರ್ಥ ತಿಳಿದದ್ದು ಬಾಲ್ಯದಲ್ಲೇ, ಭದ್ರಾವತಿಯಲ್ಲಿ. 1923ರಲ್ಲಿ ಉತ್ಪಾದನೆ ಆರಂಭಿಸಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯಲ್ಲಿ ನನ್ನ ತಂದೆ ಉಕ್ಕು ಕರಗಿಸುವ ವಿಭಾಗದಲ್ಲಿದ್ದರು. ಕುಲುಮೆಯಿಂದ ಒಮ್ಮೆ ಇಳಿಸಿದ ಉಕ್ಕಿಗೆ 'ಹೀಟ್' ಎನ್ನುತ್ತಾರೆ. ಪ್ರತಿ ಹೀಟಿಗೂ ಒಂದು ನಂಬರು. ಆ ಉಕ್ಕಿನಿಂದಾದ ಪ್ರತಿ ದಿಮ್ಮಿಯ ಮೇಲೂ ಅದೇ ನಂಬರು. "ಈ ನಂಬರು ಅಳಿಸಿಹೋದರೆ ಉಕ್ಕು ಎಷ್ಟೇ ಚೆನ್ನಾಗಿದ್ದರೂ ಅನಾಥ ಕಣೋ. ಅದನ್ನು ಯಾರೂ ನಂಬುವುದಿಲ್ಲ" ಎನ್ನುತ್ತಿದ್ದರು. ಮುಂದೆ ವಿಮಾನದ ಭಾಗಗಳ ದಾಖಲೆಗಳನ್ನು ನೋಡಿದಾಗ ಅವರ ಮಾತೇ ಅಲ್ಲಿ ಕಂಡಿತು. ಎಲ್ಲೋ ಒಂದು ಕಡೆ ಒಂದು ಭಾಗ ಬಿರುಕು ಬಿಟ್ಟರೆ ಅದು ಯಾವ ಹೀಟಿನ ಲೋಹ, ಯಾವ ದಿನ ಯಾವ ಯಂತ್ರದಲ್ಲಿ ಕೊರೆದದ್ದು, ಅದರ ಒಡಹುಟ್ಟಿದ ಭಾಗಗಳು ಬೇರೆ ಯಾವ ವಿಮಾನಗಳಲ್ಲಿವೆ ಎಂಬುದನ್ನು ಹುಡುಕಿ ತೆಗೆಯಲು ಸಾಧ್ಯವಾಗಬೇಕು. ಈ ವಂಶಾವಳಿಗೂ ಬೆಲೆಯಿದೆ. ಪೈಪೋಟಿಯ ಕಾಲದಲ್ಲಿ ಇಲ್ಲಿ ಕತ್ತರಿ ಹಾಕಬೇಕೆಂಬ ಆಸೆ ಹುಟ್ಟುತ್ತದೆ. ಅಂದಾಜುಗಾರ ಮೊದಲು ಕೈಕಟ್ಟಿಕೊಳ್ಳಬೇಕಾದ ಜಾಗ ಅದು.

ಇನ್ನೊಂದು ಬಾಬ್ತು ಕಣ್ಣಿಗೆ ಕಾಣದ್ದು. ಅದು ಕೈಯ ಕಲಿಕೆ. ಅಮೆರಿಕದ ವಿಮಾನ ಇಂಜಿನಿಯರ್ ಟಿ. ಪಿ. ರೈಟ್ 1936ರಲ್ಲಿ ಒಂದು ಲೇಖನ ಪ್ರಕಟಿಸಿದರು. ವಿಮಾನಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದೊಂದಕ್ಕೆ ತಗಲುವ ಸರಾಸರಿ ದುಡಿಮೆ ಹಿಂದಿನದರ ನೂರಕ್ಕೆ ಎಂಬತ್ತರಷ್ಟಕ್ಕೆ ಇಳಿಯುತ್ತದೆಂದು ಅವರು ತೋರಿಸಿಕೊಟ್ಟರು. ಮೊದಲನೆಯದಕ್ಕೆ ನೂರು ಗಂಟೆಯಾದರೆ, ಎರಡು ಮಾಡಿದಾಗ ಸರಾಸರಿ ಎಂಬತ್ತು, ನಾಲ್ಕಕ್ಕೆ ಅರವತ್ತನಾಲ್ಕು, ಎಂಟಕ್ಕೆ ಐವತ್ತೊಂದು. ಹೊಸ ಸೊಸೆಯ ಮೊದಲ ದಿನದ ಅಡುಗೆಗೂ ವರ್ಷ ಕಳೆದ ಮೇಲಿನ ಅಡುಗೆಗೂ ಇರುವ ಅಂತರವೇ ಇದು. ಆದರೆ ಈ ಸೂತ್ರವನ್ನು ಕುರುಡಾಗಿ ಹಚ್ಚುವಂತಿಲ್ಲ. ಕೈಯಿಂದ ಜೋಡಿಸುವ ಕೆಲಸದಲ್ಲಿ ಕಲಿಕೆ ಬಹಳ. ತನ್ನಷ್ಟಕ್ಕೆ ಕೊರೆಯುವ ಯಂತ್ರ ಹತ್ತನೆಯ ಸಲವೂ ಮೊದಲ ಸಲದ ವೇಗದಲ್ಲೇ ಕೊರೆಯುತ್ತದೆ.

ಸಂಖ್ಯೆ ಸಣ್ಣದಾದರೆ ಕಲಿಕೆಯ ಫಲ ಕೈಗೆ ಹತ್ತುವುದೇ ಇಲ್ಲ. ಜರ್ಮನಿಯ ಕುರ್ಟ್ ಟ್ಯಾಂಕರ ಮಾರ್ಗದರ್ಶನದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಮಾರುತ್ ಯುದ್ಧವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು. ಒಟ್ಟು ತಯಾರಾದದ್ದು 147 ಮಾತ್ರ. ಅಚ್ಚು, ಹಿಡಿಕೆ, ಪರೀಕ್ಷೆಗಳ ಹೊರೆಯೆಲ್ಲ ಆ 147ರ ಬೆನ್ನಿನ ಮೇಲೆಯೇ. ಇನ್ನು ಹಿಂದೆ ಯಾರೂ ಮಾಡಿರದ ವಸ್ತುವಾದರೆ ಅಂದಾಜು ಮತ್ತೂ ಕಷ್ಟ. ನಮ್ಮ ಹಗುರ ಯುದ್ಧವಿಮಾನದ ಯೋಜನೆಗೆ 1983ರಲ್ಲಿ ಮಂಜೂರಾದ ಮೊತ್ತ 560 ಕೋಟಿ. ಹತ್ತು ವರ್ಷದ ಮೇಲೆ, 1993ರಲ್ಲಿ, ಅದನ್ನೂ ಒಳಗೊಂಡಂತೆ ಮೊದಲ ಹಂತಕ್ಕೆ ಮಂಜೂರಾದದ್ದು 2,188 ಕೋಟಿ. ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು. ಇದನ್ನು ಹೇಳಿ ನಗುವವರುಂಟು. ನಾನು ನಗಲಾರೆ. ಕಾಣದ ದಾರಿಯ ಬುತ್ತಿಯನ್ನು ಮನೆಯ ಹೊಸ್ತಿಲಲ್ಲಿ ನಿಂತು ಕಟ್ಟುವ ಕಷ್ಟ, ಕಟ್ಟಿದವರಿಗೇ ಗೊತ್ತು.

ಈಗ ನಮ್ಮ ಬ್ರಾಕೆಟ್ಟಿಗೆ ಹಿಂದಿರುಗೋಣ. ಅದು ಕಲ್ಪನೆಯ ಬ್ರಾಕೆಟ್ಟಲ್ಲ. ಉದ್ಯೋಗಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ, ಅಂದಿನ ದರಗಳಲ್ಲಿ ಇದೇ ಲೆಕ್ಕವನ್ನು ನಾನು ಬರೆದಿದ್ದೆ. ನಮಗೆ ಆರ್ಡರು ಸಿಕ್ಕಿತು. ಎಲ್ಲರೂ ಬೆನ್ನು ತಟ್ಟಿದರು. ನಕ್ಷೆಯ ಮೂಲೆಯಲ್ಲಿ ಒಂದು ಸಣ್ಣ ಟಿಪ್ಪಣಿಯಿತ್ತು. ಬ್ರಾಕೆಟ್ಟಿನ ತಳ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಏರುಪೇರಾಗಕೂಡದು ಎಂದು ಅದರಲ್ಲಿತ್ತು. ನಾನು ಅದನ್ನು ಓದಿದ್ದೆ. ಆದರೆ ಅದರ ಅರ್ಥವನ್ನು ಗಂಟೆಗಳಿಗೆ ಇಳಿಸಿರಲಿಲ್ಲ.

ಲೋಹದ ದಿಮ್ಮಿಯೊಳಗೆ ಬಿಗಿತ ಅಡಗಿರುತ್ತದೆ. ಒಂಬತ್ತು ಪಾಲು ಲೋಹವನ್ನು ಕೆತ್ತಿ ತೆಗೆದಾಗ ಆ ಬಿಗಿತ ಸಡಿಲಿ ಉಳಿದ ಒಂದು ಪಾಲು ಸೊಟ್ಟಗಾಗುತ್ತದೆ. ಮೊದಲ ಬ್ರಾಕೆಟ್ಟನ್ನು ಹಿಡಿಕೆಯಿಂದ ಬಿಚ್ಚಿದೊಡನೆ ಅದು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅಂಚು ಮೇಲೆತ್ತಿ ಕುಳಿತಿತು. ಒರಟಾಗಿ ಕೊರೆದು, ಬಿಚ್ಚಿ, ವಿಶ್ರಾಂತಿಗೆ ಬಿಟ್ಟು, ಮಗುಚಿ, ಮತ್ತೆ ಬಿಗಿದು, ಸ್ವಲ್ಪ ಸ್ವಲ್ಪವಾಗಿ ಅಂತಿಮ ಅಳತೆಗೆ ತರಬೇಕಾಯಿತು. ಮೂರು ಗಂಟೆಯ ಜಾಗದಲ್ಲಿ ಏಳು ಗಂಟೆ. ಈ ಹೊತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಬ್ರಾಕೆಟ್ಟಿಗೆ 18,000 ಖರ್ಚು, ಬರುವುದು 13,200. ಇನ್ನೂರಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷದ ನಷ್ಟ.

ಮಾಲೀಕರು ಮಾತಿಗೆ ತಪ್ಪುವವರಲ್ಲ. ಒಪ್ಪಿದ ಬೆಲೆಗೇ ಅಷ್ಟನ್ನೂ ಮಾಡಿಕೊಟ್ಟರು. ಆದರೆ ಇನ್ನೂರು ಬ್ರಾಕೆಟ್ಟಿಗೆ ನಾಲ್ಕು ನಾಲ್ಕು ಗಂಟೆಯೆಂದರೆ ಎಂಟುನೂರು ಗಂಟೆ. ಅವು ಎಲ್ಲಿಂದಲೋ ಬರಬೇಕಲ್ಲ! ಭಾನುವಾರಗಳು ಹೋದವು. ರಾತ್ರಿ ಪಾಳಿ ಬಂತು. ಆ ವರ್ಷ ದೀಪಾವಳಿಯ ಬೋನಸ್ಸು ಕಿರಿದಾಯಿತು. ಯಾರೂ ನನ್ನನ್ನು ಬೈಯಲಿಲ್ಲ. ಯಂತ್ರದ ಮುಂದಿದ್ದ ಹಿರಿಯ ಕೆಲಸಗಾರರೊಬ್ಬರು ಒಂದು ದಿನ ಚಹಾ ಕುಡಿಯುತ್ತ ಮೆಲ್ಲಗೆ ಹೇಳಿದರು: "ನೀವು ಕಾಗದದ ಮೇಲೆ ನಾಲ್ಕು ಗಂಟೆ ಮರೆತುಬಿಟ್ಟಿರಿ ಸಾರ್. ಅದನ್ನ ನಾವು ನಮ್ಮ ನಮ್ಮ ಮನೆಯಿಂದ ತರಬೇಕಾಯ್ತು."

ಅಂದಾಜು ತಪ್ಪಿದರೆ ಅದರ ಬೆಲೆ ತೆರುವವನು ಅಂದಾಜು ಮಾಡಿದವನಲ್ಲ. ಆ ಸಂಖ್ಯೆಯನ್ನು ಬರೆಯುವಾಗ ಕೋಣೆಯಲ್ಲಿ ಇಲ್ಲದವರು, ಯಾರೂ ಮಾತು ಕೇಳದವರು ಅದನ್ನು ತೆರುತ್ತಾರೆ. ಮೂವತ್ತು ವರ್ಷದ ಅನುಭವದಲ್ಲಿ ನಾನು ಇದಕ್ಕಿಂತ ದೊಡ್ಡದೇನನ್ನೂ ಕಲಿಯಲಿಲ್ಲ.

ಇದು ಸಣ್ಣ ಕಾರ್ಖಾನೆಗಳ ಪಾಡು ಮಾತ್ರವೂ ಅಲ್ಲ. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಸಂಸ್ಥೆ 1968ರಲ್ಲಿ ಅಮೆರಿಕದ ಲಾಕ್‌ಹೀಡ್ ಕಂಪನಿಗೆ ಆರ್‌.ಬಿ. 211 ಎಂಬ ಹೊಸ ಎಂಜಿನನ್ನು ನಿಗದಿಯಾದ ಬೆಲೆಗೆ ಒದಗಿಸುವೆನೆಂದು ಒಪ್ಪಿಕೊಂಡಿತು. ಎಂಜಿನ್ನಿನ ಮುಂಭಾಗದ ದೊಡ್ಡ ಬೀಸಣಿಗೆಯ ಅಲಗುಗಳನ್ನು ಇಂಗಾಲದ ನಾರಿನಿಂದ ಮಾಡಿ ತೂಕ ಉಳಿಸುವ ಯೋಚನೆಯಿತ್ತು. 1970ರಲ್ಲಿ, ಹಕ್ಕಿ ಬಡಿದರೆ ತಾಳುವುದೇ ಎಂದು ನೋಡುವ ಪರೀಕ್ಷೆಯಲ್ಲಿ ಆ ಅಲಗುಗಳು ಚೂರಾದವು. ಟೈಟಾನಿಯಂ ಅಲಗಿಗೆ ತಿರುಗಬೇಕಾಯಿತು. ಆ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ಅಭಿವೃದ್ಧಿಯ ವೆಚ್ಚ ಹದಿನೇಳು ಕೋಟಿ ಪೌಂಡು ಮುಟ್ಟಿತ್ತು. ಮೂಲ ಅಂದಾಜಿನ ಹೆಚ್ಚುಕಡಿಮೆ ಇಮ್ಮಡಿ. ಒಂದೊಂದು ಎಂಜಿನ್ನನ್ನು ತಯಾರಿಸುವ ಖರ್ಚು ಮಾರುವ ಬೆಲೆಯನ್ನು ಮೀರಿತ್ತು. 1971ರ ಫೆಬ್ರವರಿ 4ರಂದು ಆ ಹೆಸರಾಂತ ಸಂಸ್ಥೆ ದಿವಾಳಿಯಾಯಿತು; ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಎಂಜಿನ್ನು ಕೆಟ್ಟದ್ದಾಗಿರಲಿಲ್ಲ, ಮುಂದೆ ಅದು ಲೋಕಪ್ರಸಿದ್ಧವೇ ಆಯಿತು. ಎಡವಿದ್ದು, ಇನ್ನೂ ಹುಟ್ಟದ ವಸ್ತುವಿನ ಬಗ್ಗೆ ಮುಂಚಿತವಾಗಿ ಕೊಟ್ಟ ಮಾತಿನಲ್ಲಿ.

ಹಾಗಾದರೆ ಪ್ರಾಮಾಣಿಕವಾದ ಅಂದಾಜು ಎಂದರೆ ಯಾವುದು? ಎಂದೂ ತಪ್ಪದ ಅಂದಾಜೆ? ಅಂಥದು ಇಲ್ಲ. ತನಗೆ ಗೊತ್ತಿರುವುದು ಎಷ್ಟು, ತಾನು ಊಹಿಸಿದ್ದು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದಿಡುವುದೇ ಪ್ರಾಮಾಣಿಕವಾದ ಅಂದಾಜು. ಆ ಬ್ರಾಕೆಟ್ಟಿನ ನಂತರ ನಾನು ಸಂಖ್ಯೆಯ ಕೆಳಗೆ ಷರತ್ತುಗಳನ್ನು ಬರೆಯದೆ ಸಹಿ ಹಾಕಿದ್ದಿಲ್ಲ. ಇನ್ನೂರು ಕೊಳ್ಳುವಿರೆಂದು ಭಾವಿಸಿದ್ದೇವೆ, ಲೋಹದ ದರ ಇಂತಿಷ್ಟೆಂದು ಹಿಡಿದಿದ್ದೇವೆ, ತಳ ಸೊಟ್ಟಗಾದರೆ ಇಷ್ಟು ಗಂಟೆ ಹೆಚ್ಚಾಗಬಹುದು, ಹೀಗೆ. ಇನ್ನೊಂದು ಅಭ್ಯಾಸವನ್ನೂ ರೂಢಿಸಿಕೊಂಡೆ. ನಕ್ಷೆಯನ್ನು ಕೈಯಲ್ಲಿ ಹಿಡಿದು ಯಂತ್ರದ ಬಳಿಗೆ ಹೋಗಿ, "ಇದು ಎಷ್ಟು ಹೊತ್ತಿನ ಕೆಲಸ?" ಎಂದು ಮಾಡುವವರನ್ನೇ ಕೇಳುವುದು. "ಸ್ವಲ್ಪ ಇಳಿಸಿ, ಆರ್ಡರು ಕೈತಪ್ಪುತ್ತದೆ" ಎಂದು ಮೇಲಿನಿಂದ ಒತ್ತಾಯ ಬಂದಾಗಲೆಲ್ಲ, ಇಳಿಸುವ ಒಂದೊಂದು ಗಂಟೆಯೂ ಯಾರ ಮನೆಯಿಂದ ಬರಬೇಕೆಂದು ಕೇಳುತ್ತಿದ್ದೆ. ಹೀಗೆ ಮಾಡಿ ಕೆಲವು ಆರ್ಡರುಗಳನ್ನು ಕಳೆದುಕೊಂಡದ್ದೂ ಉಂಟು.

ಇಂದು ನಕ್ಷೆಯನ್ನು ಓದಿ ಕ್ಷಣದಲ್ಲಿ ಬೆಲೆ ಹೇಳುವ ಗಣಕಯಂತ್ರದ ಪ್ರೋಗ್ರಾಮುಗಳು ಬಂದಿವೆ. ಒಳ್ಳೆಯದೇ, ಕೂಡುವ ಕಳೆಯುವ ಶ್ರಮ ತಪ್ಪಿತು. ಶಿವಮೊಗ್ಗೆ ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಎರಕದ ಮತ್ತು ಕೊರೆತದ ಕಾರ್ಖಾನೆಗಳಲ್ಲಿ ದುಡಿಯುವ ತರುಣರು ನನ್ನ ಬಳಿ ಬಂದು ಈ ವಿದ್ಯೆಯ ಬಗ್ಗೆ ಕೇಳುವುದುಂಟು. ಅವರಿಗೆ ನಾನು ಹೇಳುವುದಿಷ್ಟೆ: ಯಂತ್ರ ಹೇಳಿದ ಸಂಖ್ಯೆಯನ್ನು ತೆಗೆದುಕೊಳ್ಳಿ, ಆದರೆ ಅದರ ಕೆಳಗೆ ಸಹಿ ನಿಮ್ಮದು.

ಕೊನೆಗೆ ನೆರೆಯವರ ಕಾಂಪೌಂಡು ಗೋಡೆಯ ಮಾತು. ಅವರ ಒತ್ತಾಯಕ್ಕೆ ಲೆಕ್ಕ ಬರೆದುಕೊಟ್ಟೆ. ಸಂಖ್ಯೆಯ ಕೆಳಗೆ, ತಳಪಾಯ ಎರಡಡಿಯಲ್ಲಿ ಗಟ್ಟಿ ನೆಲ ಸಿಕ್ಕುವುದೆಂದು ಭಾವಿಸಿದೆ, ಸಿಕ್ಕದಿದ್ದರೆ ಪ್ರತಿ ಅಡಿಗೂ ಇಷ್ಟು ಹೆಚ್ಚು ಎಂದೂ ಬರೆದೆ. "ಒಂದು ಗೋಡೆಗೆ ಇಷ್ಟೆಲ್ಲ ಷರತ್ತು ಯಾಕೆ ರಾಯರೆ?" ಎಂದು ಅವರು ನಕ್ಕರು. ಅಗೆದಾಗ ಒಂದು ಮೂಲೆಯಲ್ಲಿ ನಾಲ್ಕಡಿಯವರೆಗೂ ಸಡಿಲ ಮಣ್ಣೇ ಬಂತು. ಮೇಸ್ತ್ರಿ ಹೆಚ್ಚು ಹಣ ಕೇಳಿದ. ನೆರೆಯವರು ಒಳಗೆ ಹೋಗಿ ಆ ಕಾಗದವನ್ನು ತಂದು ಓದಿದರು; ಮರುಮಾತಿಲ್ಲದೆ ಎಣಿಸಿ ಕೊಟ್ಟರು. ಜಗಳವಾಗಲಿಲ್ಲ. ಮೇಸ್ತ್ರಿಯ ಕೂಲಿ ಮೇಸ್ತ್ರಿಗೆ ಸಂದಿತು. ಜಗುಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಆ ಹುಡುಗನಿಗೆ ವಿಮಾನದ ಬೆಲೆ ಎಷ್ಟೆಂದು ನಾನು ಇನ್ನೂ ಹೇಳಿಲ್ಲ. ಆದರೆ ಬೆಲೆಯನ್ನು ಹೇಗೆ ಹೇಳಬೇಕೆಂಬುದನ್ನು ಅವನು ಆ ದಿನ ಕಂಡನೆಂದು ನನ್ನ ನಂಬಿಕೆ.